ಬೀಗದ ಕೈ ನಿಮ್ಮ ಸೆರಗಿನಲ್ಲೇ ಇರಲಿ

ರೊಟ್ಟಿ, ಹಪ್ಪಳ, ಚಟ್ನಿಪುಡಿ, ಬ್ಲೌಸ್ ಹೊಲಿಗೆ... ಮನೆಯಿಂದ ನಡೆಸುವ ವ್ಯಾಪಾರ ಯಾವುದೇ ಇರಲಿ, ಅದರ ಕಾಗದಪತ್ರವೆಲ್ಲ ಈಗ ಕಂಪ್ಯೂಟರಿಗೆ, ಇ-ಮೇಲ್‌ಗೆ ಬಂದು ಕೂತಿದೆ. ಆದರೆ ಆ ಇ-ಮೇಲ್‌ನ ಬೀಗದ ಕೈ ಯಾರ ಹತ್ತಿರ ಇದೆ? ಗೃಹೋದ್ಯಮ ನಡೆಸುವ ಮಹಿಳೆಯರಿಗೆ ಕೆಲವು ಕಿವಿಮಾತು.

ಹುಬ್ಬಳ್ಳಿಯಲ್ಲಿ ನನಗೆ ಪರಿಚಯದ ಅಕ್ಕ ಒಬ್ಬರಿದ್ದಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುವುದು ಅವರ ಕಸುಬು. ಬೆಳಗಾದರೆ ಸಾಕು, ಅವರ ಮನೆಯ ಪಡಸಾಲೆಯಲ್ಲಿ ನಾಲ್ಕು ಹೆಣ್ಣುಮಕ್ಕಳು ರೊಟ್ಟಿ ಬಡಿಯುವ ಸದ್ದು ಶುರು. 2023ರ ದಸರಾ ಹೊತ್ತಿಗೆ ಬೆಂಗಳೂರಿನ ಅಂಗಡಿಯೊಂದರಿಂದ ಅವರಿಗೆ ಫೋನ್ ಬಂತು. ತಿಂಗಳಿಗೆ ಮೂರು ಸಾವಿರ ರೊಟ್ಟಿ ಬೇಕು, ನಿಮ್ಮ ಎಫ್‌ಎಸ್‌ಎಸ್‌ಎಐ ನೋಂದಣಿ ಪತ್ರವನ್ನು ಇವತ್ತು ಸಂಜೆಯೊಳಗೆ ಮೇಲ್ ಮಾಡಿ ಎಂದರು.

ಅಕ್ಕ ಟ್ರಂಕು, ಕಪಾಟು ಎಲ್ಲ ತಡಕಾಡಿದರು. ಕಾಗದವೇನೋ ಸಿಕ್ಕಿತು. ನೋಡಿದರೆ ಅದರ ಅವಧಿ ಮುಗಿದು ಎರಡು ತಿಂಗಳಾಗಿತ್ತು! "ಡೇಟ್ ಮುಗದೈತಿ ಅಂತ ನನಗ ಯಾರೂ ಹೇಳೇ ಇಲ್ರೀ" ಎಂದು ನನ್ನ ಮುಂದೆ ಗೋಳಾಡಿದರು.

ಹೇಳುವುದು ಹೇಗೆ? ಇಂಥ ನೆನಪೋಲೆಗಳೆಲ್ಲ ಹೋಗುವುದು ಅರ್ಜಿಯಲ್ಲಿ ಬರೆದ ಇ-ಮೇಲ್‌ಗೆ, ಮೊಬೈಲಿಗೆ. ಅಕ್ಕನ ಅರ್ಜಿ ತುಂಬಿದ್ದವನು ಬಸ್‌ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿನ ಹುಡುಗ. ಅಕ್ಕನ ಹೆಸರಿನಲ್ಲಿ ಮೇಲ್ ಐಡಿ ಮಾಡಿದವನೂ ಅವನೇ. ಪಾಸ್‌ವರ್ಡ್ ಅವನಿಗೆ ಮಾತ್ರ ಗೊತ್ತು. ಕೊಟ್ಟ ಮೊಬೈಲ್ ನಂಬರೂ ಅವನದೇ. ಆ ಅಂಗಡಿ ಮುಚ್ಚಿ, ಹುಡುಗ ಊರು ಬಿಟ್ಟು ವರ್ಷವಾಗಿತ್ತು. ಮೂರು ಸಾವಿರ ರೊಟ್ಟಿಯ ಆರ್ಡರ್ ಬೇರೆಯವರ ಪಾಲಾಯಿತು.

ಇದು ಅವರೊಬ್ಬರ ಕಥೆಯಲ್ಲ. "ನಮಗೆಲ್ಲಿ ತಿಳಿಯುತ್ತೆ ಕಂಪ್ಯೂಟರು, ಮಗ ನೋಡ್ಕೋತಾನೆ", "ಅಂಗಡಿ ಹುಡುಗ ಮಾಡಿಕೊಡ್ತಾನೆ" ಅನ್ನುವವರು ನಮ್ಮಲ್ಲಿ ಎಷ್ಟು ಜನ! ಬಂಗಾರದ ಕಪಾಟಿನ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುವ ನಾವು, ವ್ಯಾಪಾರದ ಬೀಗದ ಕೈಯನ್ನು ಮಾತ್ರ ಯಾರ ಕೈಗೋ ಕೊಟ್ಟುಬಿಡುತ್ತೇವೆ. ಟೈಪಿಂಗ್ ಮಗನೇ ಮಾಡಲಿ, ಅರ್ಜಿ ಅಂಗಡಿಯವನೇ ತುಂಬಲಿ, ತಪ್ಪಿಲ್ಲ. ಕೀಲಿ ಮಾತ್ರ ನಿಮ್ಮ ಹತ್ತಿರ ಇರಬೇಕು.

ಮೊದಲು ಐಡಿ ನಿಮ್ಮದಾಗಲಿ

ವ್ಯಾಪಾರಕ್ಕೆಂದೇ ಒಂದು ಪ್ರತ್ಯೇಕ ಇ-ಮೇಲ್ ಐಡಿ ಮಾಡಿಕೊಳ್ಳಿ. ಜಿಮೇಲ್‌ನಂಥ ಖಾತೆಗೆ ಕಾಸು ಕೊಡಬೇಕಿಲ್ಲ. ವ್ಯಾಪಾರದ ಹೆಸರು, ಜತೆಗೆ ಊರಿನ ಹೆಸರು ಇದ್ದರೆ ಸಾಕು. ಫೋನಿನಲ್ಲಿ ಹೇಳಿದರೆ ಎದುರಿನವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ.

ಈಗಾಗಲೇ ಐಡಿ ಇದೆಯಾ? ಹಾಗಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಸೆಕ್ಯುರಿಟಿ' ಎಂಬ ಭಾಗವಿದೆ. ಅಲ್ಲಿ 'ರಿಕವರಿ ಫೋನ್' ಮತ್ತು 'ರಿಕವರಿ ಇ-ಮೇಲ್' ಯಾರದು ಇದೆ ಎಂದು ನೋಡಿ. ಪಾಸ್‌ವರ್ಡ್ ಮರೆತರೆ ಖಾತೆ ಮರಳಿ ಸಿಗುವುದು ಇವುಗಳ ಮೂಲಕವೇ. ಫೋನ್ ನಂಬರ್ ನಿಮ್ಮದೇ ಇರಲಿ. ಇ-ಮೇಲ್ ಮನೆಯ ನಂಬಿಕಸ್ಥರೊಬ್ಬರದು ಇರಲಿ. ಅದೇ ಭಾಗದಲ್ಲಿ ಯಾವ ಯಾವ ಫೋನು, ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದಿದೆ ಎಂಬ ಪಟ್ಟಿಯೂ ಇರುತ್ತದೆ. ಗುರುತಿಲ್ಲದ ಯಂತ್ರ ಕಂಡರೆ ಅದನ್ನು 'ಸೈನ್ ಔಟ್' ಮಾಡಿ, ಪಾಸ್‌ವರ್ಡ್ ಬದಲಿಸಿ.

ಮಕ್ಕಳ ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಪಾಸ್‌ವರ್ಡ್ ಆಗುವುದು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಉದ್ದವೂ ಆಯಿತು, ನೆನಪೂ ಉಳಿಯಿತು. ಬ್ಯಾಂಕಿಗೆ ಮಾತ್ರ ಬೇರೆಯೇ ಪಾಸ್‌ವರ್ಡ್ ಇರಲಿ. ಮರೆಯುವ ಭಯವಿದ್ದರೆ ಮನೆಯ ಡೈರಿಯಲ್ಲಿ ಬರೆದು ಕಪಾಟಿನಲ್ಲಿಡಿ. ಮೊಬೈಲ್ ಕವರಿನ ಹಿಂದೆ ಚೀಟಿ ಸಿಕ್ಕಿಸುವುದು ಬೇಡವೇ ಬೇಡ.

ಇನ್ನೊಂದು ಚಿಲಕವೂ ಇದೆ. 'ಟೂ ಸ್ಟೆಪ್ ವೆರಿಫಿಕೇಶನ್' ಹಾಕಿಟ್ಟರೆ ಪಾಸ್‌ವರ್ಡ್ ಕದ್ದವರಿಗೂ ನಿಮ್ಮ ಫೋನಿನ ಒಪ್ಪಿಗೆ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಫೋನೇ ಕಳೆದುಹೋದರೆ? ಅದಕ್ಕೆಂದೇ ಗೂಗಲ್ ಹತ್ತು 'ಬ್ಯಾಕಪ್ ಕೋಡ್' ಕೊಡುತ್ತದೆ. ಅದನ್ನು ಪ್ರಿಂಟ್ ತೆಗೆದು ಮನೆಪತ್ರದ ಜತೆ ಇಟ್ಟುಬಿಡಿ.

ಹಳೆಯ ಐಡಿ ಕೈಗೆ ಸಿಗುವಂತೆಯೇ ಇಲ್ಲವೆ? ಹಾಗಾದರೆ ಉದ್ಯಮ್ ನೋಂದಣಿ, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ, ಬ್ಯಾಂಕು ಎಂದು ಎಲ್ಲೆಲ್ಲಿ ಅದನ್ನು ಕೊಟ್ಟಿದ್ದೀರೋ ಪಟ್ಟಿ ಮಾಡಿ, ಒಂದೊಂದಾಗಿ ಹೊಸದಕ್ಕೆ ಬದಲಿಸಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬ ನಿಯಮವೂ 2023ರಿಂದ ಇದೆ. ಹಾಗಾಗಿ ಆಗಾಗ ತೆರೆದು ನೋಡುತ್ತಿರಿ.

ಅಂದಹಾಗೆ, 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಪಡೆಯುವುದಿಲ್ಲ. ಸಾವಿರಾರು ರೂಪಾಯಿ 'ಶುಲ್ಕ' ಕೇಳುವ ತಾಣ ಕಂಡರೆ, ಅದು ಸರ್ಕಾರದ್ದಲ್ಲ. ವಿಳಾಸದ ಕೊನೆಯಲ್ಲಿ 'ಡಾಟ್ ಗವ್ ಡಾಟ್ ಇನ್' ಇದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಬಾಯಿಮಾತು ಗಾಳಿಗೆ, ಬರೆದದ್ದು ಕೈಗೆ

"ಐದು ನೂರು ಅಂದಿದ್ದೆ", "ಇಲ್ಲ, ಮುನ್ನೂರು ಅಂದಿದ್ರಿ". ಫೋನ್ ಆರ್ಡರಿನ ಜಗಳ ಶುರುವಾಗುವುದೇ ಹೀಗೆ. ಆರ್ಡರ್ ಫೋನಿನಲ್ಲೇ ಬರಲಿ. ಫೋನಿಟ್ಟ ಕೂಡಲೇ ನಾಲ್ಕು ಸಾಲಿನ ಮೇಲ್ ಕಳಿಸುವ ರೂಢಿ ಮಾಡಿಕೊಳ್ಳಿ. ಅದು ಹೀಗಿದ್ದರೆ ಸಾಕು:

"ನಮಸ್ಕಾರ. ಇವತ್ತು ಫೋನಿನಲ್ಲಿ ಮಾತಾಡಿದಂತೆ ಜೋಳದ ಖಡಕ್ ರೊಟ್ಟಿ 500. ಒಂದಕ್ಕೆ 8 ರೂಪಾಯಿಯಂತೆ ಒಟ್ಟು 4,000 ರೂಪಾಯಿ. ಸಾಗಣೆ ಖರ್ಚು ನಿಮ್ಮದು. ಸೆಪ್ಟೆಂಬರ್ 12, ಶುಕ್ರವಾರ ಇಲ್ಲಿಂದ ಕಳಿಸುತ್ತೇವೆ. ಸರಕು ಮುಟ್ಟಿದ 15 ದಿನದೊಳಗೆ ಹಣ ಪಾವತಿಸಬೇಕು. ಎಲ್ಲ ಸರಿಯಿದ್ದರೆ 'ಒಪ್ಪಿಗೆ' ಎಂದು ಉತ್ತರಿಸಿ."

ಇಂಗ್ಲಿಷ್ ಬರುವುದಿಲ್ಲ ಎಂಬ ಸಂಕೋಚ ಬೇಡ. ಎಷ್ಟು, ಯಾವ ದರ, ಯಾವಾಗ, ಹಣ ಎಂದು: ಈ ನಾಲ್ಕಿದ್ದರೆ ಕನ್ನಡದ ಪತ್ರವೂ ಪತ್ರವೇ. ವಿದ್ಯುನ್ಮಾನ ದಾಖಲೆಗೆ ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದಲೇ ಮಾನ್ಯತೆ ಇದೆ.

ಇದರ ಬೆಲೆ ತಿಳಿಯುವುದು ಹಣ ಬಾರದೆ ಹೋದಾಗ. ಸ್ವತಃ ತಯಾರಿಸುವ ಅಥವಾ ಸೇವೆ ಕೊಡುವ ಕಿರು ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಒಂದು ರಕ್ಷಣೆ ಕೊಟ್ಟಿದೆ. ಕೊಂಡವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ಗಡುವಿನ ಬಗ್ಗೆ ಮಾತೇ ಆಗಿರದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ! ಇದಕ್ಕೆ ಉದ್ಯಮ್ ನೋಂದಣಿ ಇರಬೇಕು. ದೂರು ಕೊಡಲು ಆನ್‌ಲೈನ್ ವ್ಯವಸ್ಥೆಯೂ ಇದೆ. ಆದರೆ ದೂರಿನ ಜತೆ ಆರ್ಡರ್, ಬಿಲ್ಲು, ಸರಕು ಮುಟ್ಟಿದ್ದಕ್ಕೆ ಪುರಾವೆ ಬೇಕು. ನಿಮ್ಮ ಆ ನಾಲ್ಕು ಸಾಲಿನ ಮೇಲ್ ಕೆಲಸಕ್ಕೆ ಬರುವುದು ಆಗಲೇ.

ಮೊದಲು ಕಡತ, ಕೊನೆಗೆ ವಿಳಾಸ

ಪತ್ರ ಬರೆಯುವಾಗ ನಾವು ಮೊದಲು ವಿಳಾಸ ತುಂಬುತ್ತೇವೆ. ಆಮೇಲೆ ಅವಸರದಲ್ಲಿ ಬಿಲ್ ಲಗತ್ತಿಸದೆಯೇ 'ಸೆಂಡ್' ಒತ್ತಿಬಿಡುತ್ತೇವೆ! ಕ್ರಮ ತಿರುಗಿಸಿ. ಮೊದಲು ಕಡತ ಲಗತ್ತಿಸಿ, ನಂತರ ಒಕ್ಕಣೆ ಬರೆಯಿರಿ, ಒಮ್ಮೆ ಓದಿ, ಕೊನೆಗೆ ವಿಳಾಸ ಹಾಕಿ. ಅರ್ಧಂಬರ್ಧ ಪತ್ರ ಹೋಗುವ ಭಯವೇ ಇರುವುದಿಲ್ಲ.

ಕಳಿಸಿದ ಮರುಕ್ಷಣವೇ "ಅಯ್ಯೋ" ಅನಿಸಿದರೆ ಜಿಮೇಲ್‌ನಲ್ಲಿ 'ಅನ್‌ಡೂ' ಇದೆ. ಮೊದಲಿಗೆ ಅದಕ್ಕೆ ಐದು ಸೆಕೆಂಡು ಮಾತ್ರ ಸಮಯ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು 30 ಸೆಕೆಂಡಿಗೆ ಏರಿಸಿಕೊಳ್ಳಬಹುದು.

ವಿಷಯದ ಸಾಲನ್ನು ಖಾಲಿ ಬಿಡಬೇಡಿ. 'ಹಲೋ' ಎಂದು ಬರೆದರೂ ಖಾಲಿ ಬಿಟ್ಟಂತೆಯೇ. 'ರೊಟ್ಟಿ ಬಿಲ್, ಸೆಪ್ಟೆಂಬರ್, 4,000 ರೂ.' ಎಂದಿದ್ದರೆ ಆರು ತಿಂಗಳ ನಂತರವೂ ಹುಡುಕಿದರೆ ಸಿಗುತ್ತದೆ.

ಹಬ್ಬದ ದರಪಟ್ಟಿಯನ್ನು ಐವತ್ತು ಗಿರಾಕಿಗಳಿಗೆ ಒಟ್ಟಿಗೆ ಕಳಿಸುವಾಗ ಎಲ್ಲರ ವಿಳಾಸವನ್ನೂ 'ಬಿಸಿಸಿ' ಎಂಬಲ್ಲಿ ಹಾಕಿ. ಬಿಲ್ ಪುಸ್ತಕದಲ್ಲಿ ಕಾರ್ಬನ್ ಹಾಳೆ ಇಟ್ಟು ಪ್ರತಿ ತೆಗೆಯುತ್ತೇವಲ್ಲ, 'ಸಿಸಿ' ಎಂದರೆ ಆ ಕಾರ್ಬನ್ ಪ್ರತಿ. 'ಬಿಸಿಸಿ' ಎಂದರೆ ಒಬ್ಬರಿಗೆ ಇನ್ನೊಬ್ಬರು ಕಾಣದ ಪ್ರತಿ. ಇಲ್ಲದಿದ್ದರೆ ನೀವು ವರ್ಷಗಟ್ಟಲೆ ಕೂಡಿಸಿದ ಗಿರಾಕಿಗಳ ಪಟ್ಟಿ ಎಲ್ಲರ ಕೈಗೂ ಹೋಗಿಬಿಡುತ್ತದೆ.

ಬಿಲ್ಲನ್ನು ಯಾವಾಗಲೂ ಪಿಡಿಎಫ್ ಮಾಡಿ ಕಳಿಸಿ. ವರ್ಡ್, ಎಕ್ಸೆಲ್ ಕಡತವಾದರೆ ಬೇರೆಯವರು ಅಂಕಿ ತಿದ್ದುವುದು ಸುಲಭ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಸೀರೆಯ, ಕಸೂತಿಯ ಹತ್ತಾರು ಫೋಟೊ ಅದನ್ನು ಮೀರಿದರೆ ಡ್ರೈವ್‌ನಲ್ಲಿಟ್ಟು ಕೊಂಡಿ ಕಳಿಸಿ.

ಆ ಬಿಲ್ ಎಲ್ಲಿ ಹೋಯ್ತು?

ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುವ ನಾವು ಕಂಪ್ಯೂಟರಿನಲ್ಲಿ ಮಾತ್ರ 'ಬಿಲ್', 'ಬಿಲ್ ಹೊಸದು', 'ಬಿಲ್ ಹೊಸದು ಕೊನೆಯದು' ಎಂದು ಹೆಸರಿಡುತ್ತೇವೆ. ಹೆಸರು ತಾರೀಕಿನಿಂದ ಶುರುವಾಗಲಿ. ಅದೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ: '2025-09-12-ಬಿಲ್-ಬೆಂಗಳೂರು ಅಂಗಡಿ'. ಆಗ ಕಡತಗಳು ತಾವಾಗಿಯೇ ಸಾಲಾಗಿ ಕೂರುತ್ತವೆ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಆರ್ಡರ್, ಬಿಲ್, ಖರ್ಚು, ನೋಂದಣಿ ಪತ್ರ ಎಂದು ನಾಲ್ಕು ಖಾನೆ ಮಾಡಿ. ಇಷ್ಟು ಸಾಕು.

ನೋಂದಣಿ ಪತ್ರಗಳ ಹೆಸರಿನಲ್ಲಿ ಅವಧಿ ಮುಗಿಯುವ ದಿನವನ್ನೂ ಸೇರಿಸಿ. ಮೊಬೈಲಿನ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಎರಡು ತಿಂಗಳು ಮುಂಚೆ ಒಂದು ಅಲಾರಂ ಇಡಿ. ರೊಟ್ಟಿ ಅಕ್ಕನ ಆರ್ಡರನ್ನು ಉಳಿಸಬಹುದಾಗಿದ್ದದ್ದು ಇಂಥ ಒಂದು ಅಲಾರಂ.

ಎಕ್ಸೆಲ್ ಮಾಡುವ ಚೇಷ್ಟೆ

ಲೆಕ್ಕಕ್ಕೆ ಎಕ್ಸೆಲ್ ಒಳ್ಳೆಯ ಗೆಳತಿ. ಆದರೆ ಅವಳ ಸ್ವಭಾವ ತಿಳಿದಿರಬೇಕು.

ಒಂದು ಸಾಲಿಗೆ ಒಂದೇ ವ್ಯವಹಾರ ಬರೆಯಿರಿ. ತಾರೀಕು, ಗಿರಾಕಿ, ಸರಕು, ಮೊತ್ತ, ಬಂದ ಹಣ, ಬಾಕಿ ಎಂದು ಆರು ಕಂಬ ಮಾಡಿ. ಮೊತ್ತದ ಕಂಬದಲ್ಲಿ '500 ರೂ.' ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಅಂಕಿ ಎಂದೇ ತಿಳಿಯುವುದಿಲ್ಲ. ಕೂಡುವಾಗ ಆ ಐದು ನೂರು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಬರೀ 500 ಎಂದು ಬರೆಯಿರಿ. 'ರೂ.' ಕಂಬದ ತಲೆಯ ಮೇಲಿರಲಿ. ಒಟ್ಟು ಮಾಡಲು 'ಆಟೋಸಮ್' ಗುಂಡಿ ಒತ್ತಿದರೆ ಸಾಕು.

ಇನ್ನೊಂದು ಅಪಾಯ ಬ್ಯಾಂಕ್ ಖಾತೆಯ ಸಂಖ್ಯೆಯದು. ಎಕ್ಸೆಲ್‌ಗೆ ಸಂಖ್ಯೆಯಲ್ಲಿ 15 ಅಂಕೆಗಳ ತನಕ ಮಾತ್ರ ನೆನಪು. ಹದಿನಾರನೆಯ ಅಂಕೆ ಏನೇ ಇದ್ದರೂ ಅಲ್ಲಿ ಸೊನ್ನೆ ಕೂರುತ್ತದೆ! ಮೊದಲಿಗೆ ಸೊನ್ನೆ ಇರುವ ಸಂಖ್ಯೆಯಾದರೆ ಆ ಸೊನ್ನೆಯೇ ಮಾಯ. ಖಾತೆ ಸಂಖ್ಯೆ, ಫೋನ್ ನಂಬರಿನ ಕಂಬವನ್ನು ಮೊದಲೇ ಆಯ್ದು 'ಟೆಕ್ಸ್ಟ್' ಎಂದು ಗೊತ್ತುಮಾಡಿ, ಆಮೇಲೆ ತುಂಬಿ. ಹಣ ಹಾಕುವ ಮುನ್ನ ಪಾಸ್‌ಬುಕ್ಕಿನ ಜತೆ ತಾಳೆ ನೋಡಿ.

ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಐದು ಸಾಲು ತುಂಬಿದಿರಾ, 'ಕಂಟ್ರೋಲ್' ಮತ್ತು 'ಎಸ್' ಕೀಲಿ ಒಟ್ಟಿಗೆ ಒತ್ತಿ. ಒಲೆ ಮುಂದೆ ಕೈ ತಾನಾಗಿ ಸೌಟು ಆಡಿಸುತ್ತದಲ್ಲ, ಹಾಗೆ ರೂಢಿಯಾಗಲಿ.

ಕನ್ನಡ ಅಕ್ಷರ ಕಲಸುಮೇಲೋಗರವಾದರೆ

ಚಂದವಾಗಿ ಕನ್ನಡದಲ್ಲಿ ಟೈಪ್ ಮಾಡಿ ಕಳಿಸುತ್ತೀರಿ. ಅಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ! ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದರೆ ಹೀಗಾಗುತ್ತದೆ. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದನ್ನು ಓದಲು ಬರುವುದಿಲ್ಲ. ಪರಿಹಾರ ಯೂನಿಕೋಡ್. ಮೊಬೈಲಿನಲ್ಲಿ ನೀವು ಟೈಪ್ ಮಾಡುವ ಕನ್ನಡ ಯೂನಿಕೋಡೇ. ವಿಂಡೋಸ್‌ನಲ್ಲಿ ಭಾಷೆಯ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಸೇರಿಸಿಕೊಂಡರೆ, 'ವಿಂಡೋಸ್' ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗಬಹುದು. ಟೈಪಿಂಗೇ ಕಷ್ಟ ಎನ್ನುವವರು ಮೊಬೈಲಿನ ಗೂಗಲ್ ಕೀಲಿಮಣೆಯ ಮೈಕ್ ಒತ್ತಿ ಮಾತಾಡಿದರೂ ಅಕ್ಷರ ಮೂಡುತ್ತದೆ.

ಲೇಬಲ್ ಮುದ್ರಣಕ್ಕೆ ಕೊಡುವಾಗ ಎಚ್ಚರ. ಒಂದು ಫಾಂಟಿನಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರಗಳು ಕೆಡುವುದುಂಟು. ನಿಮ್ಮ ಬರಹದ ಪಿಡಿಎಫ್ ಕೂಡ ಕಳಿಸಿ, ಮುದ್ರಣಕ್ಕೆ ಮುನ್ನ ಕರಡು ತರಿಸಿ ಗಟ್ಟಿಯಾಗಿ ಓದಿ ನೋಡಿ. ಸಾವಿರ ಲೇಬಲ್ಲಿನಲ್ಲಿ 'ಚಟ್ನಿ' ಕೆಟ್ಟರೆ ಸಾವಿರವೂ ರದ್ದಿಗೆ.

ದೊಡ್ಡ ಆರ್ಡರ್ ಬಂತೆಂದು ಹಿಗ್ಗುವ ಮುನ್ನ

"ನಾನು ಸೇನೆಯ ಅಧಿಕಾರಿ, ನಮ್ಮ ಕ್ಯಾಂಪಿಗೆ ಇನ್ನೂರು ಊಟ ಬೇಕು. ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ." ಇಂಥ ಕರೆಗಳಿಗೆ ದೇಶದ ನಾನಾ ಕಡೆ ಸಣ್ಣ ವ್ಯಾಪಾರಿಗಳು ಬಲಿಯಾಗಿದ್ದಾರೆ. ಒಂದೇ ಸೂತ್ರ ನೆನಪಿಡಿ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ. ಹಣ ಬರಲು ಪಿನ್ ಬೇಡ.

'ಹಣ ಹಾಕಿದ್ದೇನೆ' ಎಂಬ ಸ್ಕ್ರೀನ್‌ಶಾಟ್ ನೋಡಿ ಸರಕು ಕಳಿಸಬೇಡಿ. ನಿಮ್ಮ ಖಾತೆಯಲ್ಲಿ ಜಮಾ ಆಗಿದೆಯೇ ನೋಡಿ. ಸಾಮಾನು ಕೊಡುವವರಿಂದ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಮೇಲ್ ಬಂದರೆ, ಮೇಲ್‌ನಲ್ಲಿರುವ ನಂಬರಿಗಲ್ಲ, ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ ಎಂದು ವಾಟ್ಸ್‌ಆ್ಯಪ್‌ಗೆ ಬರುವ ಕಡತದ ಹೆಸರು 'ಎಪಿಕೆ' ಎಂದು ಕೊನೆಯಾದರೆ ತೆರೆಯಲೇಬೇಡಿ. ಅದು ಕರೆಯೋಲೆಯಲ್ಲ, ಫೋನಿನೊಳಗೆ ಕೂರುವ ಕಳ್ಳ.

ಮೋಸ ಹೋದಿರಾ? ನಾಚಿಕೊಂಡು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಆನ್‌ಲೈನ್ ಸೆಂಟರಿಗೆ ಹೋದಾಗಲೂ ಅಷ್ಟೇ. ಕೆಲಸ ಮುಗಿದ ಮೇಲೆ ನಿಮ್ಮ ಖಾತೆ 'ಸೈನ್ ಔಟ್' ಮಾಡಿಸಿ, 'ಡೌನ್‌ಲೋಡ್ಸ್'ನಲ್ಲಿರುವ ನಿಮ್ಮ ಕಡತಗಳನ್ನು ಎದುರಿಗೇ ಅಳಿಸಿಸಿ. ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ನಡೆಯುತ್ತದೆಯೇ ಎಂದು ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು, ಅಂಗಡಿಯ ಕಂಪ್ಯೂಟರ್ ಇನ್ನೂ ಅಂಟಿಕೊಂಡಿದ್ದರೆ ಕಿತ್ತುಹಾಕಿ.

ಒಂದು ಪ್ರತಿ ಮನೆಯಾಚೆಯೂ ಇರಲಿ

ಕಂಪ್ಯೂಟರ್ ಕೆಡುತ್ತದೆ, ಫೋನ್ ನೀರಿಗೆ ಬೀಳುತ್ತದೆ. ಲೆಕ್ಕದ ಕಡತ ಮೂರು ಕಡೆ ಇರಲಿ: ಕಂಪ್ಯೂಟರಿನಲ್ಲಿ, ಪೆನ್‌ಡ್ರೈವ್‌ನಲ್ಲಿ, ಗೂಗಲ್ ಡ್ರೈವ್‌ನಲ್ಲಿ. ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ವ್ಯಾಪಾರದ ಖಾತೆಗೆ ಮೊಮ್ಮಗುವಿನ ವಿಡಿಯೊ ತುಂಬಬೇಡಿ! ಇನ್ನು, ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಏರಿಸಬಹುದೇ ಎಂದು ತಿಳಿದವರಲ್ಲಿ ವಿಚಾರಿಸಿ.

ಶನಿವಾರದ ಅರ್ಧ ಗಂಟೆ

ವಾರಕ್ಕೊಮ್ಮೆ, ಒಲೆ ಆರಿದ ಮೇಲೆ ಇಷ್ಟು ಮಾಡಿ:

* ಮೇಲ್ ತೆರೆದು ಓದದೆ ಉಳಿದದ್ದನ್ನು ಓದಿ. 'ಸ್ಪ್ಯಾಮ್' ಡಬ್ಬಿಯನ್ನೂ ಇಣುಕಿ ನೋಡಿ. ಒಮ್ಮೊಮ್ಮೆ ಆರ್ಡರ್ ಅಲ್ಲೇ ಬಿದ್ದಿರುತ್ತದೆ.
* ಬಾಕಿ ಇರುವವರಿಗೆ ಬಿಲ್ ಲಗತ್ತಿಸಿ ಒಂದು ಸಾಲಿನ ನೆನಪೋಲೆ ಕಳಿಸಿ.
* ವಾರದ ಮಾರಾಟ, ಖರ್ಚು ಎಕ್ಸೆಲ್‌ಗೆ ಏರಿಸಿ.
* ಪೆನ್‌ಡ್ರೈವ್‌ಗೆ, ಡ್ರೈವ್‌ಗೆ ಪ್ರತಿ ತೆಗೆಯಿರಿ.
* ತಿಂಗಳಿಗೊಮ್ಮೆ ರಿಕವರಿ ಫೋನ್, ತೆರೆದಿರುವ ಯಂತ್ರಗಳ ಪಟ್ಟಿ ನೋಡಿ.

ಇಷ್ಟನ್ನು ಕಲಿಯಲು ದೊಡ್ಡ ಓದು ಬೇಕಿಲ್ಲ. ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಮೌಸ್ ಮಾತ್ರ ನಿಮ್ಮ ಕೈಯಲ್ಲಿರಲಿ. ಅವರು ಮಾಡಿ ತೋರಿಸಿದರೆ ಮರೆಯುತ್ತದೆ, ನೀವೇ ಮಾಡಿದರೆ ಉಳಿಯುತ್ತದೆ.

ನಮ್ಮ ರೊಟ್ಟಿ ಅಕ್ಕ ಈಗ ಹೊಸ ಐಡಿ ಮಾಡಿಕೊಂಡಿದ್ದಾರೆ. ಬ್ಯಾಕಪ್ ಕೋಡಿನ ಹಾಳೆ ದೇವರಮನೆಯ ಡಬ್ಬಿಯಲ್ಲಿದೆಯಂತೆ. ಹೋದ ಆರ್ಡರ್ ಮರಳಿ ಬರಲಿಲ್ಲ. ಆದರೆ ಮೊನ್ನೆ ಫೋನ್ ಮಾಡಿದಾಗ ಹೇಳಿದರು: "ಈಗ ಯಾರನ್ನೂ ಕೇಳೂದಿಲ್ರೀ. ಮುಂಜಾನೆ ಹಿಟ್ಟು ನಾದೂಕಿಂತ ಮೊದ್ಲ ಮೇಲ್ ನಾನ ತಗದು ನೋಡ್ತೀನಿ."